ಕೊಲಂಬೊಗೆ ಹೋಗಲು ಲಂಡನ್ ದಾಟಬೇಕೆ?

(ರಾಜ್ಯಶಾಸ್ತ್ರದ ಅಧ್ಯಾಪಕರು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಮಯದ ಅಭಾವದಿಂದ ಅಂದು ಬಿಟ್ಟ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಂಘಟಕರು ನನಗೆ ಕೊಟ್ಟ ವಿಷಯ ‘ವಸಾಹತೋತ್ತರ ದೇಶಗಳಲ್ಲಿ ರಾಷ್ಟ್ರೀಯ ಅಸ್ಮಿತೆ ಮತ್ತು ರಾಜ್ಯಶಾಸ್ತ್ರ ಶಿಕ್ಷಣದ ಅಂತಾರಾಷ್ಟ್ರೀಕರಣ’. ಆಹ್ವಾನ ಪತ್ರಿಕೆಯಲ್ಲಿ ಇದು ಎರಡು ಸಾಲು ತುಂಬಿದೆ. ಭಾರವಾದ ಈ ಶೀರ್ಷಿಕೆಯನ್ನು ಎರಡು ಸರ್ಕಾರಿ ಕಾಗದಗಳ ಮೂಲಕ ಹಗುರ ಮಾಡಿಕೊಳ್ಳಲು ಯತ್ನಿಸುತ್ತೇನೆ.

ಮೊದಲನೆಯದು 2020ರ ಜುಲೈನಲ್ಲಿ ಬಂದ ರಾಷ್ಟ್ರೀಯ ಶಿಕ್ಷಣ ನೀತಿ. ಭಾರತದ ಉನ್ನತ ಶಿಕ್ಷಣ ಅಂತಾರಾಷ್ಟ್ರೀಯವಾಗಬೇಕು, ಹೊರದೇಶದ ವಿದ್ಯಾರ್ಥಿಗಳು ಇಲ್ಲಿಗೆ ಬರಬೇಕು, ಹೆಸರಾಂತ ವಿದೇಶಿ ವಿಶ್ವವಿದ್ಯಾಲಯಗಳು ಇಲ್ಲಿ ಕ್ಯಾಂಪಸ್ ತೆರೆಯಬೇಕು ಎಂದು ಅದರಲ್ಲಿದೆ. ಎರಡನೆಯದು ಅದಾದ ಆರು ತಿಂಗಳಿಗೆ, 2021ರ ಜನವರಿಯಲ್ಲಿ, ಅದೇ ಶಿಕ್ಷಣ ಸಚಿವಾಲಯ ಹೊರಡಿಸಿದ ಸುತ್ತೋಲೆ. ಸರ್ಕಾರದ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯಗಳು ಆನ್‌ಲೈನಿನಲ್ಲಿ ಅಂತಾರಾಷ್ಟ್ರೀಯ ವಿಚಾರ ಸಂಕಿರಣ ನಡೆಸಬೇಕಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕು. ವಿಷಯವು ದೇಶದ ಭದ್ರತೆ, ಗಡಿ, ಈಶಾನ್ಯ ರಾಜ್ಯಗಳು, ಜಮ್ಮು–ಕಾಶ್ಮೀರ, ಲಡಾಖ್ ಅಥವಾ ಭಾರತದ ‘ಆಂತರಿಕ ವಿಷಯ’ಗಳಿಗೆ ಸಂಬಂಧಿಸಿರಬಾರದು ಎಂಬುದು ಅದರ ಸಾರ. ವಿಜ್ಞಾನ ಅಕಾಡೆಮಿಗಳು ಬಲವಾಗಿ ಆಕ್ಷೇಪಿಸಿದವು. ಅವುಗಳಲ್ಲಿ ನಮ್ಮ ಬೆಂಗಳೂರಿನ ಅಕಾಡೆಮಿಯೂ ಒಂದು. ಫೆಬ್ರವರಿಯಲ್ಲಿ ಸುತ್ತೋಲೆ ವಾಪಸಾಯಿತು.

ವಿಜ್ಞಾನಿಗಳು ದನಿಯೆತ್ತಿದ್ದು ಅವರ ದೊಡ್ಡತನ. ಏಕೆಂದರೆ ರಸಾಯನಶಾಸ್ತ್ರಕ್ಕೆ ಇಂಥ ಆದೇಶದಿಂದ ಕಿರಿಕಿರಿಯಾಗಬಹುದೇ ಹೊರತು ಕೆಲಸ ನಿಲ್ಲುವುದಿಲ್ಲ. ನಮ್ಮ ಪಾಡು ಹಾಗಲ್ಲ. ಚುನಾವಣೆ, ಜಾತಿ, ಮೀಸಲಾತಿ, ಭಾಷೆ, ಗಡಿ, ಕೇಂದ್ರ–ರಾಜ್ಯ ಸಂಬಂಧ, ಇವೆಲ್ಲ ಆಂತರಿಕ ವಿಷಯಗಳೇ. ಅವನ್ನು ತೆಗೆದಿಟ್ಟರೆ ರಾಜ್ಯಶಾಸ್ತ್ರ ವಿಭಾಗದಲ್ಲಿ ಉಳಿಯುವುದು ಹಾಜರಿ ಪುಸ್ತಕ ಮಾತ್ರ.

ವಿದೇಶಿ ಕ್ಯಾಂಪಸ್‌ಗಳ ಕಥೆಯನ್ನೂ ನೋಡಿ. ಗುಜರಾತಿನ ಗಿಫ್ಟ್ ಸಿಟಿ ಎಂಬ ಅಂತಾರಾಷ್ಟ್ರೀಯ ಹಣಕಾಸು ವಲಯದಲ್ಲಿ ವಿದೇಶಿ ವಿಶ್ವವಿದ್ಯಾಲಯಗಳು ಏನೇನು ಕಲಿಸಬಹುದು ಎಂಬ ಪಟ್ಟಿ 2022ರ ನಿಯಮಗಳಲ್ಲಿದೆ: ಹಣಕಾಸು ನಿರ್ವಹಣೆ, ಫಿನ್‌ಟೆಕ್, ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ. ಆಸ್ಟ್ರೇಲಿಯಾದ ಡೀಕಿನ್ ಮತ್ತು ವೊಲಾಂಗಾಂಗ್ ವಿಶ್ವವಿದ್ಯಾಲಯಗಳು ಅಲ್ಲಿಗೆ ಬಂದದ್ದು ಈ ಚೌಕಟ್ಟಿನೊಳಗೆ. ದೇಶದ ಉಳಿದೆಡೆಗೆ ಅನ್ವಯಿಸುವ ಯುಜಿಸಿಯ 2023ರ ನಿಯಮಾವಳಿಯಲ್ಲಿ ಹೀಗೆ ವಿಷಯಗಳ ಪಟ್ಟಿಯಿಲ್ಲ. ಬದಲಿಗೆ, ರಾಷ್ಟ್ರೀಯ ಹಿತಾಸಕ್ತಿಗೆ ಧಕ್ಕೆ ತರುವ ಯಾವ ಕೋರ್ಸನ್ನೂ ನಡೆಸಕೂಡದು ಎಂಬ ಷರತ್ತಿದೆ. ಧಕ್ಕೆ ಯಾವುದು ಎಂದು ತೀರ್ಮಾನಿಸುವವರು ಯಾರೆಂದು ನಿಮಗೆ ಗೊತ್ತು. ಯಾವ ವಿದೇಶಿ ವಿಶ್ವವಿದ್ಯಾಲಯ ಕೋಟಿಗಟ್ಟಲೆ ಹಣ ಸುರಿದು ಬಂದು, ರಾಜ್ಯಶಾಸ್ತ್ರ ವಿಭಾಗ ತೆರೆದು, ಆ ಷರತ್ತಿನ ಕೆಳಗೆ ಕುತ್ತಿಗೆ ಇಡುತ್ತದೆ? ಅವರು ಬಿಸಿನೆಸ್, ಕಂಪ್ಯೂಟರ್ ಕಲಿಸಿಕೊಂಡು ಸುಖವಾಗಿರುತ್ತಾರೆ.

ಇದನ್ನು ಇಂದಿನ ಸರ್ಕಾರವೊಂದರ ವಿಶೇಷ ಎಂದುಕೊಂಡರೆ ವಿಷಯದ ಅರ್ಧ ಕೈತಪ್ಪುತ್ತದೆ. ವಸಾಹತು ಆಳ್ವಿಕೆಯಿಂದ ಹೊರಬಂದ ಬಹುತೇಕ ದೇಶಗಳಲ್ಲಿ ನಮ್ಮ ಶಾಸ್ತ್ರದ ತಲೆಯ ಮೇಲೆ ಎರಡು ಹೊರೆಗಳನ್ನು ಒಟ್ಟಿಗೇ ಇಡಲಾಯಿತು. ರಾಷ್ಟ್ರ ಕಟ್ಟುವ ಪ್ರಜೆಗಳನ್ನು ತಯಾರಿಸಬೇಕು, ಅದೇ ಹೊತ್ತಿಗೆ ಲಂಡನ್ ಅಥವಾ ಷಿಕಾಗೋದ ಮುಂದೆ ಪರೀಕ್ಷೆಗೆ ಕೂತು ಪಾಸಾಗಬೇಕು. ಒಂದು ಹೊರೆ ಹೊತ್ತವನನ್ನು ನಾವು ದೇಶಭಕ್ತ ಎನ್ನುತ್ತೇವೆ, ಇನ್ನೊಂದನ್ನು ಹೊತ್ತವನನ್ನು ವಿದ್ವಾಂಸ ಎನ್ನುತ್ತೇವೆ. ಇವೆರಡು ಒಂದಕ್ಕೊಂದು ವಿರುದ್ಧ ಎಂದು ಸಾಮಾನ್ಯವಾಗಿ ಭಾಷಣಗಳಲ್ಲಿ ಕೇಳುತ್ತೇವೆ. ಆದರೆ ಎರಡರಲ್ಲೂ ಪ್ರಶ್ನೆ ಕೇಳುವ ಹಕ್ಕು ಬೇರೆಯವರ ಕೈಯಲ್ಲಿರುತ್ತದೆ. ನಾವು ಉತ್ತರ ಬರೆಯುತ್ತೇವೆ. ಒಂದು ಕಡೆ ರಾಜಧಾನಿ ಪ್ರಶ್ನೆಪತ್ರಿಕೆ ಕಳಿಸುತ್ತದೆ, ಇನ್ನೊಂದು ಕಡೆ ಹಳೆಯ ಒಡೆಯರ ವಿಶ್ವವಿದ್ಯಾಲಯ ಕಳಿಸುತ್ತದೆ. ಇಂದು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆ.

ಭಾರತದ ರಾಜ್ಯಶಾಸ್ತ್ರಕ್ಕೆ ಅಂತಾರಾಷ್ಟ್ರೀಯತೆ ಹೊಸದೇನಲ್ಲ. ಇಂಡಿಯನ್ ಪೊಲಿಟಿಕಲ್ ಸೈನ್ಸ್ ಅಸೋಸಿಯೇಷನ್ ಹುಟ್ಟಿದ್ದು 1938ರಲ್ಲಿ, ಸ್ವಾತಂತ್ರ್ಯಕ್ಕೂ ಒಂಬತ್ತು ವರ್ಷ ಮೊದಲು. 1949ರಲ್ಲಿ ಯುನೆಸ್ಕೋ ಆಶ್ರಯದಲ್ಲಿ ಪ್ಯಾರಿಸ್ಸಿನಲ್ಲಿ ಅಂತಾರಾಷ್ಟ್ರೀಯ ರಾಜ್ಯಶಾಸ್ತ್ರ ಸಂಘ ಸ್ಥಾಪನೆಯಾದಾಗ ಮೊದಲು ಸೇರಿದ ನಾಲ್ಕು ದೇಶಗಳ ಸಂಘಗಳಲ್ಲಿ ನಮ್ಮದೂ ಒಂದು. ಉಳಿದ ಮೂರು ಅಮೆರಿಕ, ಕೆನಡಾ ಮತ್ತು ಫ್ರಾನ್ಸಿನವು. ನಮ್ಮನ್ನು ಆಳಿ ಆಗಷ್ಟೇ ಹೊರಟಿದ್ದ ಬ್ರಿಟನ್ನಿಗೆ ಆ ಹೊತ್ತಿನಲ್ಲಿ ರಾಜ್ಯಶಾಸ್ತ್ರದ ಸಂಘವೇ ಇರಲಿಲ್ಲ. ಅದು ಹುಟ್ಟಿದ್ದು 1950ರಲ್ಲಿ. ಈ ಸಂಗತಿಯನ್ನು ನಾನು ತರಗತಿಯಲ್ಲಿ ಸ್ವಲ್ಪ ಖುಷಿಯಿಂದಲೇ ಹೇಳುತ್ತೇನೆ.

ಆದರೆ ಕುರ್ಚಿ ಸಿಕ್ಕಿತು ಎಂದ ಮಾತ್ರಕ್ಕೆ ಮಾತು ಸಿಕ್ಕಿತು ಎನ್ನುವಂತಿಲ್ಲ. ಆ ಕಾಲದ ನಮ್ಮ ಪಠ್ಯಕ್ರಮ ನೋಡಿದರೆ ಗೊತ್ತಾಗುತ್ತದೆ. ‘ಪಾಶ್ಚಾತ್ಯ ರಾಜಕೀಯ ಚಿಂತನೆ’ ಒಂದು ಪತ್ರಿಕೆ, ‘ಭಾರತೀಯ ರಾಜಕೀಯ ಚಿಂತನೆ’ ಇನ್ನೊಂದು. ಪ್ಲೇಟೋನಿಂದ ಮಾರ್ಕ್ಸ್‌ವರೆಗೆ ಒಂದು ಸಾಲು, ಕೌಟಿಲ್ಯನಿಂದ ಅಂಬೇಡ್ಕರ್‌ವರೆಗೆ ಇನ್ನೊಂದು ಸಾಲು. ಮೊದಲನೆಯದರಲ್ಲಿ ರಾಜ್ಯ ಎಂದರೇನು, ಸ್ವಾತಂತ್ರ್ಯ ಎಂದರೇನು ಎಂದು ಕೇಳುತ್ತೇವೆ. ಎರಡನೆಯದರಲ್ಲಿ ಇವರ ಕೊಡುಗೆಯೇನು ಎಂದು ಕೇಳುತ್ತೇವೆ. ಅಂಬೇಡ್ಕರ್ ಅವರನ್ನು ಜಾನ್ ಸ್ಟೂವರ್ಟ್ ಮಿಲ್ ಎದುರು ಕೂರಿಸಿ, ಬಹುಮತದ ದಬ್ಬಾಳಿಕೆಯ ಬಗ್ಗೆ ಇಬ್ಬರೂ ಏನು ಹೇಳುತ್ತಾರೆ ಎಂದು ಕೇಳುವ ಪ್ರಶ್ನೆಪತ್ರಿಕೆ ನಮ್ಮಲ್ಲಿ ಎಷ್ಟು ಬಾರಿ ಬಂದಿದೆ ನೀವೇ ಹೇಳಿ. ‘ಭಾರತೀಯ’ ಎಂಬ ಹಣೆಪಟ್ಟಿಯನ್ನು ಗೌರವಕ್ಕೆಂದು ಕೊಟ್ಟೆವು. ಅದು ಬೇಲಿಯಾಯಿತು.

ತುಲನಾತ್ಮಕ ರಾಜಕೀಯದ ಪತ್ರಿಕೆಯದೂ ಇದೇ ಕಥೆ. ದಶಕಗಳ ಕಾಲ ನಮ್ಮ ಬಿ.ಎ. ವಿದ್ಯಾರ್ಥಿಗಳು ಓದಿದ್ದು ಬ್ರಿಟನ್, ಅಮೆರಿಕ, ಸ್ವಿಟ್ಜರ್ಲೆಂಡ್. ಆಮೇಲೆ ಒಂದಿಷ್ಟು ಚೀನಾ. ಸ್ವಿಟ್ಜರ್ಲೆಂಡಿನ 26 ಕ್ಯಾಂಟನ್‌ಗಳ ಬಗ್ಗೆ ಹತ್ತು ಅಂಕದ ಪ್ರಶ್ನೆಗೆ ಗೈಡ್ ನೋಡಿ ಬಾಯಿಪಾಠ ಮಾಡಿಕೊಂಡು ಬರುವ ಹುಡುಗನಿಗೆ, ಪಕ್ಕದ ನೇಪಾಳ 2015ರ ಸಂವಿಧಾನದಲ್ಲಿ ಏಳು ಪ್ರಾಂತಗಳಾಗಿ ಹಂಚಿಕೊಂಡದ್ದು ಗೊತ್ತಿರುವುದಿಲ್ಲ. ತಪ್ಪು ಅವನದಲ್ಲ. ನಾವು ಅದನ್ನು ಕೇಳಿಯೇ ಇಲ್ಲ.

ಈಗ ಸ್ವಲ್ಪ ಹೊತ್ತು ಆಫ್ರಿಕಾಕ್ಕೆ ಹೋಗೋಣ. ಇದೇ ಇಕ್ಕಟ್ಟನ್ನು ನಮಗಿಂತ ಜೋರಾಗಿ, ಬೀದಿಯಲ್ಲಿ ನಿಂತು ಎದುರಿಸಿದ ವಿಶ್ವವಿದ್ಯಾಲಯವೊಂದು ಅಲ್ಲಿದೆ.

ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ವಿಶ್ವವಿದ್ಯಾಲಯ ಕಾಲೇಜು ಆರಂಭವಾದದ್ದು 1961ರ ಅಕ್ಟೋಬರಿನಲ್ಲಿ. ಶುರುವಾದಾಗ ಇದ್ದದ್ದು ಕಾನೂನು ವಿಭಾಗವೊಂದೇ, ಅದೂ ಆಳುವ ಪಕ್ಷದ ಕಟ್ಟಡದಲ್ಲಿ. 1964ರಲ್ಲಿ ಊರ ಹೊರಗಿನ ಗುಡ್ಡದ ಮೇಲೆ ತನ್ನದೇ ಕ್ಯಾಂಪಸ್ ಸಿಕ್ಕಿತು. 1966ರ ಅಕ್ಟೋಬರಿನಲ್ಲಿ ಆ ಗುಡ್ಡದಿಂದ ವಿದ್ಯಾರ್ಥಿಗಳು ಮೆರವಣಿಗೆ ಇಳಿದರು. ಪದವಿ ಮುಗಿದ ಮೇಲೆ ಕಡ್ಡಾಯ ರಾಷ್ಟ್ರೀಯ ಸೇವೆ ಮಾಡಬೇಕು, ಆ ಅವಧಿಯಲ್ಲಿ ಸಂಬಳದ ಬಹುಭಾಗ ಬಿಟ್ಟುಕೊಡಬೇಕು ಎಂಬ ಸರ್ಕಾರದ ಆದೇಶಕ್ಕೆ ಅವರ ವಿರೋಧವಿತ್ತು. ವಸಾಹತು ಆಳ್ವಿಕೆಯೇ ವಾಸಿಯಾಗಿತ್ತು ಎಂಬರ್ಥದ ಫಲಕವೂ ಆ ಮೆರವಣಿಗೆಯಲ್ಲಿತ್ತು. ಅಧ್ಯಕ್ಷ ಜೂಲಿಯಸ್ ನ್ಯೆರೆರೆ, ಊರಿಗೆಲ್ಲ ‘ಮ್ವಾಲಿಮು’, ಅಂದರೆ ಮೇಷ್ಟ್ರು, 300ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಅಂದೇ ಮನೆಗೆ ಕಳಿಸಿದರು. ತಮ್ಮ ಸಂಬಳವನ್ನೂ ಕಡಿತ ಮಾಡಿಕೊಂಡರು. ಮೇಷ್ಟ್ರು ಸಿಟ್ಟಾದರೆ ಹಾಗೆ.

ಮುಂದಿನ ವರ್ಷ ಅರೂಷಾ ಘೋಷಣೆ ಬಂತು, ದೇಶ ಸಮಾಜವಾದದ ದಾರಿ ಹಿಡಿಯಿತು. ಅದರ ಬೆನ್ನಿಗೇ 1967ರ ಮಾರ್ಚ್‌ನಲ್ಲಿ ಸಮಾಜವಾದಿ ತಾಂಜಾನಿಯಾದಲ್ಲಿ ವಿಶ್ವವಿದ್ಯಾಲಯದ ಪಾತ್ರವೇನು ಎಂದು ಚರ್ಚಿಸಲು ಸಮಾವೇಶ ಸೇರಿತು. ಯಾವ ವಿಷಯ ಓದುವವನಾದರೂ ತನ್ನ ಸಮಾಜದ ಅಭಿವೃದ್ಧಿಯ ಪ್ರಶ್ನೆಗಳನ್ನು ಓದಲೇಬೇಕು ಎಂಬ ಸಾಮಾನ್ಯ ಕೋರ್ಸು ಈ ಚರ್ಚೆಗಳಿಂದ ರೂಪುಗೊಂಡಿತು.

ನನ್ನ ಆಸಕ್ತಿ ಇರುವುದು ಇದರ ಮುಂದಿನ ಭಾಗದಲ್ಲಿ. ಇಷ್ಟು ಬಿಗಿಯಾಗಿ ‘ರಾಷ್ಟ್ರೀಯ’ವಾಗಲು ಹೊರಟ ವಿಶ್ವವಿದ್ಯಾಲಯ ಅದೇ ವರ್ಷಗಳಲ್ಲಿ ಜಗತ್ತಿನ ಅತ್ಯಂತ ಅಂತಾರಾಷ್ಟ್ರೀಯ ಕ್ಯಾಂಪಸ್‌ಗಳಲ್ಲಿ ಒಂದಾಯಿತು. ಗಯಾನಾದ ಇತಿಹಾಸಕಾರ ವಾಲ್ಟರ್ ರಾಡ್ನಿ ಅಲ್ಲಿ ಪಾಠ ಮಾಡುತ್ತಿದ್ದರು. ಯುರೋಪ್ ಆಫ್ರಿಕಾವನ್ನು ಹೇಗೆ ಹಿಂದುಳಿಸಿತು ಎಂಬ ಅವರ ಪುಸ್ತಕ 1972ರಲ್ಲಿ ಬಂದಾಗ ಅದರ ಪ್ರಕಾಶಕರಲ್ಲಿ ಒಬ್ಬರು ಲಂಡನ್ನಿನವರು, ಇನ್ನೊಬ್ಬರು ದಾರ್ ಎಸ್ ಸಲಾಮ್‌ನವರು. ಮುಂಬಯಿಯಲ್ಲಿ ಹುಟ್ಟಿ ಉಗಾಂಡಾದಲ್ಲಿ ಬೆಳೆದು, 1972ರಲ್ಲಿ ಇದಿ ಅಮೀನ್ ಏಷ್ಯನ್ನರನ್ನು ಓಡಿಸಿದಾಗ ದೇಶ ಕಳೆದುಕೊಂಡ ವಿದ್ವಾಂಸ ಮಹಮೂದ್ ಮಮ್ದಾನಿ ಕೂಡ ಮರು ವರ್ಷ ಸೇರಿದ್ದು ಅಲ್ಲಿಗೇ. ದಕ್ಷಿಣ ಆಫ್ರಿಕಾ, ಮೊಜಾಂಬಿಕ್ ಕಡೆಯ ವಿಮೋಚನಾ ಚಳವಳಿಗಳ ನೆಲೆಯೂ ಆ ಊರಿನಲ್ಲಿತ್ತು. ಇವರನ್ನು ಸೆಳೆದದ್ದು ಯಾವ ರ‍್ಯಾಂಕಿಂಗ್ ಪಟ್ಟಿ? ಆಗ ಅಂಥದ್ದು ಇರಲೇ ಇಲ್ಲ. ಸ್ವಾತಂತ್ರ್ಯ ಬಂದ ಮೇಲೂ ನಾವೇಕೆ ಬಡವರು ಎಂಬ ಪ್ರಶ್ನೆಯನ್ನು ಆ ಊರು ಗಟ್ಟಿಯಾಗಿ ಕೇಳುತ್ತಿತ್ತು. ಅದು ಗಯಾನಾದವನ ಪ್ರಶ್ನೆಯೂ ಆಗಿತ್ತು, ಉಗಾಂಡಾದವನ ಪ್ರಶ್ನೆಯೂ ಆಗಿತ್ತು. ಜನ ಬಂದದ್ದು ಪ್ರಶ್ನೆ ಹುಡುಕಿಕೊಂಡು.

ಇದನ್ನು ಸ್ವರ್ಗದಂತೆ ಚಿತ್ರಿಸಲಾರೆ. ಅಲ್ಲಿನ ವಿದ್ಯಾರ್ಥಿಗಳು ‘ಚೆಚೆ’ ಎಂಬ ಪತ್ರಿಕೆ ತರುತ್ತಿದ್ದರು. ಸರ್ಕಾರಕ್ಕಿಂತ ಎಡಕ್ಕೆ ಸರಿದು ಸರ್ಕಾರದ ಸಮಾಜವಾದವನ್ನೇ ಟೀಕಿಸತೊಡಗಿದಾಗ, 1970ರಲ್ಲಿ ಅದನ್ನು ನಿಷೇಧಿಸಲಾಯಿತು. ರಾಷ್ಟ್ರದ ಹೆಸರಿನಲ್ಲಿ ತೆರೆದ ಪ್ರಶ್ನೆಯನ್ನು ರಾಷ್ಟ್ರದ ಹೆಸರಿನಲ್ಲೇ ಮುಚ್ಚಬಹುದು ಎಂಬ ಪಾಠವೂ ಅಲ್ಲೇ ಸಿಗುತ್ತದೆ.

ಪಕ್ಕದ ಉಗಾಂಡಾದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ನಂತರ ಆದದ್ದು ಬೇರೆ ಬಗೆಯ ಅಂತಾರಾಷ್ಟ್ರೀಕರಣ. ಒಂದು ಕಾಲಕ್ಕೆ ಅಲ್ಲಿನ ವಿದ್ಯಾರ್ಥಿಗಳು ಲಂಡನ್ ವಿಶ್ವವಿದ್ಯಾಲಯದ ಪದವಿಗೆ ಓದುತ್ತಿದ್ದರು. ಆ ನಂಟು ಕಳಚಿದ ಎಷ್ಟೋ ವರ್ಷಗಳ ಮೇಲೆ, 2010ರಲ್ಲಿ ಮಮ್ದಾನಿ ಅಲ್ಲಿನ ಸಾಮಾಜಿಕ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ಬಂದರು. ವಿದೇಶಿ ದಾನಿ ಸಂಸ್ಥೆಗಳಿಗೆ ವರದಿ ಬರೆದುಕೊಡುವ ಸಲಹೆಗಾರಿಕೆಯೇ ಸಂಶೋಧನೆಯ ಜಾಗದಲ್ಲಿ ಕೂತಿದೆ ಎಂಬುದು ಅವರ ದೂರು. ಸಲಹೆಗಾರನಿಗೆ ಪ್ರಶ್ನೆ ಸಿದ್ಧವಾಗಿಯೇ ಬರುತ್ತದೆ, ಅವನು ಅಂಕಿಅಂಶ ತುಂಬಿ ಕಳಿಸಿದರೆ ಸಾಕು. ಹಾಗಾಗಿ ಅವರು ಕಟ್ಟಿದ ಪಿಎಚ್‌.ಡಿ. ಕಾರ್ಯಕ್ರಮದಲ್ಲಿ ಮೊದಲ ವರ್ಷಗಳು ಕಡ್ಡಾಯ ಓದಿಗೆ ಮೀಸಲು: ಪ್ರಶ್ನೆ ಹುಟ್ಟುವುದು ಹೇಗೆ ಎಂದು ಕಲಿಯಲು. ನಮ್ಮಲ್ಲೂ ‘ಪ್ರಾಜೆಕ್ಟ್ ಬಂತು’ ಎನ್ನುತ್ತೇವಲ್ಲ, ಆ ಕ್ರಿಯಾಪದವನ್ನು ಗಮನಿಸಿ. ಅದು ಬರುತ್ತದೆ. ನಾವು ಅದನ್ನು ಹುಟ್ಟಿಸಿರುವುದಿಲ್ಲ.

ಇಲ್ಲಿಂದ ಸೀದಾ ಮೈಸೂರು ಸೀಮೆಗೆ ಬರುತ್ತೇನೆ.

ಚುನಾವಣೆ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ದಿನಕ್ಕೆ ಹತ್ತು ಸಲ ಕಾಣುವ ‘ವೋಟ್ ಬ್ಯಾಂಕ್’ ಎಂಬ ಪರಿಕಲ್ಪನೆ ಎಲ್ಲಿಯದು ಎಂದು ಎಂ.ಎ. ವಿದ್ಯಾರ್ಥಿಗಳನ್ನು ಕೇಳಿದರೆ ಅಮೆರಿಕದತ್ತ ಬೆರಳು ತೋರಿಸುತ್ತಾರೆ. ಅದು ವಿದ್ವತ್ತಿನ ಲೋಕಕ್ಕೆ ಬಂದದ್ದು ಮೈಸೂರು ಜಿಲ್ಲೆಯ ಒಂದು ಹಳ್ಳಿಯಿಂದ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಕ್ಷೇತ್ರಕಾರ್ಯ ಮಾಡಿ, ‘ರಾಮಪುರ’ ಎಂದು ಹೆಸರು ಮರೆಸಿ ಬರೆದ ಹಳ್ಳಿ ಅದು. 1955ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ, ಊರಿನ ಪ್ರಬಲ ಯಜಮಾನ ತನ್ನ ಹಂಗಿನಲ್ಲಿರುವವರ ಮತಗಳನ್ನು ಒಟ್ಟಾಗಿ ರಾಜಕಾರಣಿಗೆ ಒದಗಿಸುವ ಏರ್ಪಾಟಿಗೆ ಆ ಹೆಸರು ಬಿತ್ತು. ‘ಪ್ರಬಲ ಜಾತಿ’ಯ ಪರಿಕಲ್ಪನೆ ಬೆಳೆದದ್ದೂ ಆ ಹಳ್ಳಿಯ ಒಕ್ಕಲಿಗರನ್ನು ನೋಡಿ. ಇಂದು ದಕ್ಷಿಣ ಏಷ್ಯಾದ ರಾಜಕೀಯ ಓದುವ ಯಾವ ದೇಶದ ವಿದ್ಯಾರ್ಥಿಯೂ ಇವೆರಡನ್ನು ದಾಟಿ ಹೋಗುವಂತಿಲ್ಲ.

ಆದರೆ ಈ ಪರಿಕಲ್ಪನೆಗಳು ಸಾಗಿದ ದಾರಿ ನೋಡಿ. ಮೈಸೂರಿನ ಹುಡುಗ ಮುಂಬಯಿ ದಾಟಿ ಆಕ್ಸ್‌ಫರ್ಡಿಗೆ ಹೋಗಿ, ಮಾನವಶಾಸ್ತ್ರಜ್ಞರಾದ ರ‍್ಯಾಡ್‌ಕ್ಲಿಫ್ ಬ್ರೌನ್ ಮತ್ತು ಇವಾನ್ಸ್ ಪ್ರಿಚರ್ಡ್ ಅವರ ಕೈಕೆಳಗೆ ಪಳಗಿ, ಊರಿಗೆ ಬಂದು ಕನ್ನಡದಲ್ಲಿ ಮಾತಾಡಿಸಿ, ಇಂಗ್ಲಿಷಿನಲ್ಲಿ ಬರೆದ. ಮೂಲ ಟಿಪ್ಪಣಿಗಳ ಸಂಸ್ಕರಿಸಿದ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದವು. ಆ ಮೇಲೆ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ನಮ್ಮ ಹಳ್ಳಿಯ ಕಥೆ ಅಮೆರಿಕದಲ್ಲಿ ಸುಟ್ಟುಹೋಯಿತು ಎಂಬುದರಲ್ಲೇ ಇಡೀ ಶಾಸ್ತ್ರದ ಭೂಗೋಳವಿದೆ.

ರಾಜ್ಯಶಾಸ್ತ್ರಜ್ಞ ರಜನಿ ಕೊಠಾರಿಯವರದೂ ಅದೇ ಜಾಡು. 1963ರಲ್ಲಿ ದೆಹಲಿಯಲ್ಲಿ ಸಂಶೋಧನಾ ಕೇಂದ್ರ ಕಟ್ಟಿದ ಮನುಷ್ಯ, ‘ಕಾಂಗ್ರೆಸ್ ವ್ಯವಸ್ಥೆ’ಯ, ಅಂದರೆ ಆ ಒಂದೇ ಪಕ್ಷದ ಪ್ರಾಬಲ್ಯದ, ಬಗ್ಗೆ ಬರೆದ ಲೇಖನ ಮರುವರ್ಷ ಅಚ್ಚಾದದ್ದು ಬರ್ಕ್ಲಿಯಿಂದ ಬರುವ ನಿಯತಕಾಲಿಕದಲ್ಲಿ. ಅವರನ್ನು ದೂರುತ್ತಿಲ್ಲ. ಓದುಗರು ಎಲ್ಲಿದ್ದರೋ ಅಲ್ಲಿ ಅಚ್ಚಾಯಿತು.

ಅಮೆರಿಕದ ಆಹಾರ ನೆರವಿನ ಕಾನೂನಾದ ಪಿಎಲ್ 480 ಎಂದರೆ ಹಿರಿಯರಿಗೆ ಅಲ್ಲಿನ ಕೆಂಪು ಗೋಧಿ ನೆನಪಾಗುತ್ತದೆ. ಆ ಗೋಧಿಗೆ ನಾವು ರೂಪಾಯಿಯಲ್ಲಿ ಕೊಟ್ಟ ಹಣದ ಒಂದು ಪಾಲಿನಿಂದ, 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಅವುಗಳಲ್ಲಿ ಕನ್ನಡದವೂ ಇದ್ದವು. ಷಿಕಾಗೋದಲ್ಲಿ ಕೂತವನು ನಮ್ಮ ಬಗ್ಗೆ ಓದಲು ಬೇಕಾದ ಕಪಾಟು ಹಾಗೆ ತುಂಬಿತು. ನೈರೋಬಿ, ಕೊಲಂಬೊ, ಢಾಕಾ ಕುರಿತು ಓದಲು ಧಾರವಾಡದಲ್ಲೋ ಮೈಸೂರಿನಲ್ಲೋ ಅಂಥ ಕಪಾಟು ತುಂಬಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಮ್ಮ ನೆರೆಹೊರೆಯ ಬಗ್ಗೆ ತಿಳಿಯಬೇಕಾದರೂ ನಾವು ಇಂದಿಗೂ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಅಚ್ಚಾದ ಪುಸ್ತಕಕ್ಕೆ ಕಾಯುತ್ತೇವೆ. ಕೊಲಂಬೊಗೆ ಹೋಗಲು ಲಂಡನ್ ದಾಟಬೇಕೆ ಎಂದು ಶೀರ್ಷಿಕೆಯಲ್ಲಿ ಕೇಳಿದ್ದು ಇದನ್ನೇ.

ಹಾಗೆ ದಾಟದೆ ಹೋದರೆ ಏನು ಕಾಣುತ್ತದೆ? ಒಂದು ವರ್ಷವನ್ನು ತೆಗೆದುಕೊಳ್ಳೋಣ: 1956. ಆ ವರ್ಷದ ಜುಲೈನಲ್ಲಿ ಶ್ರೀಲಂಕಾ ಸಿಂಹಳವೊಂದೇ ಅಧಿಕೃತ ಭಾಷೆ ಎಂಬ ಕಾಯ್ದೆ ತಂದಿತು. ಅದೇ ವರ್ಷದ ನವೆಂಬರ್ 1ರಂದು ಭಾರತ ಭಾಷಾವಾರು ರಾಜ್ಯಗಳನ್ನು ಜಾರಿಗೆ ತಂದಿತು, ನಮ್ಮ ಏಕೀಕರಣ ಆಯಿತು. ಪಾಕ್ ಜಲಸಂಧಿಯ ಒಂದು ದಡದಲ್ಲಿ ಭಾಷೆಗಳಿಗೆ ರಾಜ್ಯ ಸಿಕ್ಕಿತು, ಇನ್ನೊಂದು ದಡದಲ್ಲಿ ಒಂದು ಭಾಷೆಗೆ ದೇಶವೇ ಸಿಕ್ಕಿತು. ಮುಂದೆ ಶ್ರೀಲಂಕಾದಲ್ಲಿ ನಡೆದ ಅಂತರ್ಯುದ್ಧ ನಿಮಗೆ ಗೊತ್ತು. ಈ ಹೋಲಿಕೆಯಲ್ಲಿ ಬೆನ್ನು ತಟ್ಟಿಕೊಳ್ಳಲು ಜಾಗವಿದೆ, ಆದರೆ ಅಲ್ಲಿಗೇ ನಿಲ್ಲಿಸುವ ವಿದ್ಯಾರ್ಥಿಗೆ ನಾನು ಅರ್ಧ ಅಂಕ ಕೊಡುತ್ತೇನೆ. ಮುಂದುವರಿಸಿ, ಭಾಷೆಗೊಂದು ರಾಜ್ಯ ಸಿಕ್ಕ ಮೇಲೆ ಆ ರಾಜ್ಯದೊಳಗಿನ ತುಳು, ಕೊಡವ, ಕೊಂಕಣಿ, ಉರ್ದು, ಲಂಬಾಣಿ ಮಾತಾಡುವವರ ಸ್ಥಾನವೇನು ಎಂದು ಅವನು ಕೇಳಬೇಕು. ಆಗ ಶ್ರೀಲಂಕಾ ಬೇರೆ ದೇಶದ ದುರಂತವಾಗಿ ಉಳಿಯದೆ ನಮ್ಮ ಮನೆಯೊಳಗಿನ ಪ್ರಶ್ನೆಯಾಗುತ್ತದೆ.

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕ ಅಧಿಕಾರ ಹಂಚಿಕೆಯ ಪಾಠದ ಆರಂಭದಲ್ಲೇ ಶ್ರೀಲಂಕಾದ ಕಥೆ ಹೇಳುತ್ತದೆ. ಆದರೆ ಜೋಡಿಯಾಗಿ ಬರುವುದು ಬೆಲ್ಜಿಯಂ. ಬೆಲ್ಜಿಯಂ ಸರಿಯಾಗಿ ನಡೆದುಕೊಂಡ ಹುಡುಗ, ಶ್ರೀಲಂಕಾ ಹಟಮಾರಿ. ಬ್ರಸೆಲ್ಸ್‌ನಲ್ಲಿ ಫ್ರೆಂಚ್ ಮಾತಾಡುವವರು ಶೇ 80, ಡಚ್ ಮಾತಾಡುವವರು ಶೇ 20 ಎಂಬುದು ನಮ್ಮ ಮಕ್ಕಳಿಗೆ ಬಾಯಿಪಾಠ. ಬೀದರ್‌ನಲ್ಲಿ ಯಾವ ಭಾಷೆಯವರು ಎಷ್ಟಿದ್ದಾರೆ ಎಂದು ಕೇಳಿ ನೋಡಿ.

ಆ ಪುಸ್ತಕಮಾಲೆಯನ್ನು ಇಷ್ಟಕ್ಕೇ ಬಿಟ್ಟರೆ ಅನ್ಯಾಯವಾಗುತ್ತದೆ. ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ಮುಖ್ಯ ಸಲಹೆಗಾರರಾಗಿದ್ದಾಗ ಬಂದ ಆ ಪುಸ್ತಕಗಳಲ್ಲಿ ನನಗೆ ಬಹಳ ಹಿಡಿಸಿದ ಒಂದು ಅಧ್ಯಾಯವಿತ್ತು. ಜನಹೋರಾಟಗಳ ಬಗೆಗಿನ ಅಧ್ಯಾಯ. ಅದು ತೆರೆದುಕೊಳ್ಳುವುದು 2006ರ ನೇಪಾಳದಲ್ಲಿ, ದೊರೆಯ ವಿರುದ್ಧ ಕಾಠ್ಮಂಡುವಿನ ಬೀದಿಗಿಳಿದ ಜನರೊಂದಿಗೆ. ಪುಸ್ತಕ ಬಂದದ್ದು 2007ರಲ್ಲಿ, ಅಂದರೆ ಮಸಿ ಆರುವ ಮೊದಲೇ ಪಾಠವಾಗಿತ್ತು. ಅಲ್ಲಿಂದ ಬೊಲಿವಿಯಾದ ಕೊಚಬಾಂಬಾ ನಗರಕ್ಕೆ, 2000ದಲ್ಲಿ ನೀರು ಸರಬರಾಜನ್ನು ಬಹುರಾಷ್ಟ್ರೀಯ ಕಂಪನಿಗೆ ವಹಿಸಿ ದರ ಏರಿದಾಗ ಎದ್ದ ಜನರತ್ತ ಸಾಗುತ್ತದೆ. ಮುಂದೆ ಅದೇ ಅಧ್ಯಾಯದಲ್ಲಿ, ಇದ್ದಕ್ಕಿದ್ದಂತೆ, ನಮ್ಮ ‘ಕಿತ್ತಿಕೊ ಹಚ್ಚಿಕೊ’!

ಇಲ್ಲಿರುವ ಕಿರಿಯರಿಗೆ ಅದು ಗೊತ್ತಿರಲಿಕ್ಕಿಲ್ಲ. 1984ರಲ್ಲಿ ರಾಜ್ಯ ಸರ್ಕಾರ ‘ಕರ್ನಾಟಕ ಪಲ್ಪ್‌ವುಡ್’ ಎಂಬ ಕಂಪನಿ ಸ್ಥಾಪಿಸಿ, ಸುಮಾರು 30,000 ಹೆಕ್ಟೇರ್ ಜಮೀನನ್ನು 40 ವರ್ಷಗಳಿಗೆ ಹೆಚ್ಚುಕಡಿಮೆ ಪುಕ್ಕಟೆಯಾಗಿ ಕೊಟ್ಟಿತು. ಆ ಜಮೀನಿನ ಬಹುಪಾಲು ಊರವರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಗೋಮಾಳ ಮತ್ತು ಸಿ ಅಂಡ್ ಡಿ ದರ್ಜೆಯ ಸರ್ಕಾರಿ ಭೂಮಿ. ಅಲ್ಲಿ ಕಂಪನಿ ನೀಲಗಿರಿ ನೆಟ್ಟಿತು. 1987ರ ನವೆಂಬರಿನಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಮರಗಳ ಸಸಿ ಹಚ್ಚಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಬೆನ್ನಿಗಿತ್ತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಒಬ್ಬರಾಗಿದ್ದರು. 1991ರಲ್ಲಿ ಸರ್ಕಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ಕಾಠ್ಮಂಡು, ಕೊಚಬಾಂಬಾ, ಕುಸನೂರು. ಒಂದೇ ಅಧ್ಯಾಯ, ಹದಿನೈದು ವರ್ಷದ ಮಕ್ಕಳಿಗೆ. ಲಂಡನ್ ಇಲ್ಲ, ವಾಷಿಂಗ್ಟನ್ ಇಲ್ಲ. ಪ್ರಜಾಪ್ರಭುತ್ವದಲ್ಲಿ ಬೀದಿಯ ಪಾತ್ರವೇನು ಎಂಬ ಪ್ರಶ್ನೆಯನ್ನು ಮೂರು ಊರುಗಳು ಒಂದೇ ಮಟ್ಟದಲ್ಲಿ ಕೂತು ಚರ್ಚಿಸುತ್ತವೆ. ಕುಸನೂರು ಅಲ್ಲಿ ‘ಸ್ಥಳೀಯ ಉದಾಹರಣೆ’ ಅಲ್ಲ, ಬೊಲಿವಿಯಾ ‘ಮಾದರಿ’ಯೂ ಅಲ್ಲ. ಅಂತಾರಾಷ್ಟ್ರೀಕರಣ ಎಂಬುದಕ್ಕೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

2022ರಲ್ಲಿ ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುವ ನೆಪದಲ್ಲಿ ಆ ಅಧ್ಯಾಯವನ್ನು ಪೂರ್ತಿ ತೆಗೆಯಲಾಯಿತು. ಬೆಲ್ಜಿಯಂ ಉಳಿಯಿತು.

ನೋಡಿ, ಇದನ್ನು ತೆಗೆದವರು ವಿದೇಶಿ ವಿಷಯ ಹೆಚ್ಚಾಯಿತು ಎಂದು ತೆಗೆಯಲಿಲ್ಲ. ಕುಸನೂರಿಗಿಂತ ದೇಶೀಯವಾದದ್ದು ಯಾವುದಿದೆ? ರಾಷ್ಟ್ರೀಯ ಅಸ್ಮಿತೆಯ ಮಾತು ಬಂದಾಗಲೆಲ್ಲ ನಾನು ಕೇಳುವುದು ಇಷ್ಟು: ಆ ರಾಷ್ಟ್ರದಲ್ಲಿ ಕುಸನೂರು ಇದೆಯೋ ಇಲ್ಲವೋ? ದೆಹಲಿಯಿಂದ ಬರುವ ಪಠ್ಯ ಕನ್ನಡದ ವಿದ್ಯಾರ್ಥಿಗೆ ಅನೇಕ ಸಲ ಲಂಡನ್ನಿನ ಪಠ್ಯದಷ್ಟೇ ದೂರದ್ದು.

ಇದಕ್ಕೆ ಮೀಸಲಾತಿಯ ಪಾಠ ಒಳ್ಳೆಯ ಸಾಕ್ಷಿ. ಪದವಿ ತರಗತಿಗಳಲ್ಲಿ ಹೋಲಿಕೆಗೆಂದು ಅಮೆರಿಕದ ಸಕಾರಾತ್ಮಕ ಕ್ರಮವನ್ನು (ಅಫರ್ಮೇಟಿವ್ ಆಕ್ಷನ್) ತರುತ್ತೇವೆ. ಅಧ್ಯಕ್ಷ ಕೆನಡಿ ಅದರ ಆದೇಶಕ್ಕೆ ಸಹಿ ಹಾಕಿದ್ದು 1961ರಲ್ಲಿ. ಮೈಸೂರು ಸಂಸ್ಥಾನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದ್ದು 1918ರಲ್ಲಿ. ಏಳು ವರ್ಷಗಳೊಳಗೆ ಉನ್ನತ ಹುದ್ದೆಗಳಲ್ಲಿ ಅರ್ಧ, ಕೆಳಹಂತದ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು ಎಂದು ಅದು ಶಿಫಾರಸು ಮಾಡಿತು. ವಯಸ್ಸಿನ ಲೆಕ್ಕದಲ್ಲಿ ನಾವು ಹಿರಿಯರು ಎಂದು ಬೀಗಲು ಇದನ್ನು ಹೇಳುತ್ತಿಲ್ಲ. ಅಮೆರಿಕದಲ್ಲಿ ರಕ್ಷಣೆ ಕೊಟ್ಟದ್ದು ಅಲ್ಪಸಂಖ್ಯಾತರಿಗೆ. ಮೈಸೂರಿನಲ್ಲಿ ಕೊಟ್ಟದ್ದು ಸಂಖ್ಯೆಯಲ್ಲಿ ಬಹಳ ಹೆಚ್ಚಿದ್ದ, ಆದರೆ ಕಚೇರಿಗಳಲ್ಲಿ ಇಲ್ಲದ ಜನರಿಗೆ. ಹಾಗಾದರೆ ಸರಿಯಾದ ಜೋಡಿ ಅಮೆರಿಕವಲ್ಲ, ಮಲಯೇಷ್ಯಾ. ಅಲ್ಲಿ 1971ರ ಹೊಸ ಆರ್ಥಿಕ ನೀತಿ ವಿಶೇಷ ಸ್ಥಾನ ಕೊಟ್ಟದ್ದು ಬಹುಸಂಖ್ಯಾತ ಮಲಯರಿಗೆ. ಪ್ರಜಾಪ್ರಭುತ್ವದಲ್ಲಿ ಬಹುಸಂಖ್ಯಾತರೇ ಹಿಂದುಳಿದಿದ್ದರೆ ಮೀಸಲಾತಿಗೆ ಮುಂದೆ ಯಾವ ರೂಪ ಬರುತ್ತದೆ, ಯಾರು ಅದರೊಳಗೆ ಇನ್ನಷ್ಟು ಪ್ರಬಲರಾಗುತ್ತಾರೆ, ಯಾರು ಹೊರಗುಳಿಯುತ್ತಾರೆ? ಮೈಸೂರಿನ ನೂರು ವರ್ಷದ ಅನುಭವವನ್ನು ಕ್ವಾಲಾಲಂಪುರದವರಿಗೆ ಹೇಳಬಹುದು, ಅವರಿಂದ ಕೇಳಬಹುದು. ಅಮೆರಿಕವನ್ನು ನಡುವೆ ತಂದರೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ದಾಖಲಿಸುತ್ತೇನೆ.

ಅಧ್ಯಾಪಕರೊಬ್ಬರು, “ಇದೆಲ್ಲ ಸರಿ ಸರ್, ಆದರೆ ನಮ್ಮ ಹುಡುಗರಿಗೆ ನೆಟ್, ಕೆಸೆಟ್ ಪಾಸಾಗಬೇಕು, ಅಲ್ಲಿ ಕೇಳುವುದು ಪ್ಲೇಟೋನನ್ನೇ” ಎಂದರು. ಒಪ್ಪಿದೆ. ಪ್ಲೇಟೋನನ್ನು ಬಿಡಿ ಎಂದು ನಾನು ಹೇಳಲಾರೆ. ಪಶ್ಚಿಮವನ್ನು ಬೈದು ಅದನ್ನು ಓದದೆ ಇರುವ ಸ್ವದೇಶಿಗಿಂತ ಸೋಮಾರಿತನ ಬೇರೆ ಇಲ್ಲ, ಮತ್ತು ಅದಕ್ಕೆ ಈಗ ಮಾರುಕಟ್ಟೆಯೂ ಚೆನ್ನಾಗಿದೆ. ಪ್ಲೇಟೋ ಓದಿ, ಆದರೆ ಅಥೆನ್ಸಿನಲ್ಲಿ ಗುಲಾಮರಿದ್ದರು, ಹೆಂಗಸರಿಗೆ ಸಭೆಯಲ್ಲಿ ಜಾಗವಿರಲಿಲ್ಲ ಎಂಬ ಸಾಲು ಬಂದಾಗ ಅಲ್ಲಿ ನಿಂತು, ನಿಮ್ಮೂರ ಗ್ರಾಮಸಭೆಯನ್ನು ಅದರ ಪಕ್ಕದಲ್ಲಿಟ್ಟು ನೋಡಲು ಯಾವ ನೆಟ್ ಪರೀಕ್ಷೆಯೂ ಅಡ್ಡಿ ಬರುವುದಿಲ್ಲ.

ಹಿಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬರು ಕೇಳಿದ್ದು ಹೆಚ್ಚು ನೇರವಾಗಿತ್ತು: “ನಾನು ಕನ್ನಡ ಮಾಧ್ಯಮ. ಪಾಸ್‌ಪೋರ್ಟ್ ಇಲ್ಲ. ನಾನು ಹೇಗೆ ಅಂತಾರಾಷ್ಟ್ರೀಯ ವಿಷಯ ತೆಗೆದುಕೊಳ್ಳಲಿ?” ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಕೀನ್ಯಾ 2010ರಲ್ಲಿ ಹೊಸ ಸಂವಿಧಾನ ತಂದುಕೊಂಡು, 2013ರಿಂದ 47 ಕೌಂಟಿ ಸರ್ಕಾರಗಳನ್ನು ನಡೆಸುತ್ತಿದೆ. ಆ ಸಂವಿಧಾನದ 203ನೇ ವಿಧಿಯ ಪ್ರಕಾರ ರಾಷ್ಟ್ರೀಯ ವರಮಾನದ ಕನಿಷ್ಠ ಶೇ 15ರಷ್ಟು ಕೌಂಟಿಗಳಿಗೆ ಹೋಗಲೇಬೇಕು. ನಮ್ಮ ಕರ್ನಾಟಕದಲ್ಲಿ 1983ರ ಪಂಚಾಯತ್ ಕಾಯ್ದೆಯಿತ್ತು, ಅದರ ಹಿಂದೆ ಸಚಿವ ಅಬ್ದುಲ್ ನಜೀರ್ ಸಾಬ್ ಇದ್ದರು, ಮಹಿಳೆಯರಿಗೆ ಶೇ 25 ಮೀಸಲು ಇಟ್ಟು 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಯಿತು, ಪಂಚಾಯಿತಿಗಳಿಗೆ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿಗೂ ಮೊದಲೇ. ಆದರೆ ಪಂಚಾಯಿತಿಗೆ ಕನಿಷ್ಠ ಇಷ್ಟು ಹಣ ಎಂದು ನಮ್ಮ ಸಂವಿಧಾನ ಎಲ್ಲೂ ಹೇಳುವುದಿಲ್ಲ. ರಾಜ್ಯ ಹಣಕಾಸು ಆಯೋಗ ಶಿಫಾರಸು ಮಾಡುತ್ತದೆ, ಉಳಿದದ್ದು ಸರ್ಕಾರದ ಚಿತ್ತ. ಹಣದ ಖಾತರಿ ಸಂವಿಧಾನದಲ್ಲೇ ಇದ್ದರೆ ಸ್ಥಳೀಯ ಸರ್ಕಾರ ನಿಜವಾಗಿ ಬಲಗೊಳ್ಳುತ್ತದೆಯೇ? ಇದು ಒಂದು ಒಳ್ಳೆಯ ಎಂ.ಎ. ಪ್ರಬಂಧಕ್ಕೆ ಸಾಲುವ ಪ್ರಶ್ನೆ. ಕನ್ನಡದಲ್ಲೇ ಬರೆಯಿರಿ.

“ಮಾಹಿತಿ ಎಲ್ಲಿ ಸಿಗುತ್ತದೆ ಸರ್?” ಎಂದರು. ಕೀನ್ಯಾದ ಸಂವಿಧಾನ ಅಂತರ್ಜಾಲದಲ್ಲಿ ಉಚಿತ. ಅಲ್ಲಿನ ಬಜೆಟ್ ನಿಯಂತ್ರಕರ ಕಚೇರಿ ಒಂದೊಂದು ಕೌಂಟಿಯ ಖರ್ಚಿನ ವರದಿಯನ್ನೂ ಪ್ರಕಟಿಸುತ್ತದೆ, ಮೊಬೈಲಿನಲ್ಲೇ ಇಳಿಸಿಕೊಳ್ಳಬಹುದು. ಅದಕ್ಕೆ ಒಂದು ಸಂಜೆ ಸಾಕು. ಆಮೇಲೆ ನಿಮ್ಮ ಪಂಚಾಯಿತಿಯ ಪಿಡಿಒ ಬಳಿ ಹೋಗಿ ಕಳೆದ ಮೂರು ವರ್ಷದ ಜಮಾ–ಖರ್ಚು ಕೇಳಿ. ಅದಕ್ಕೆ ಮಾತ್ರ ಇಡೀ ಸೆಮಿಸ್ಟರ್ ಇಟ್ಟುಕೊಳ್ಳಿ ಎಂದೆ.